ಒಳಗಿನ ಕೊಠಡಿಯೋ, ಹೊರಗಿನ ಕೊಠಡಿಯೋ?

ನಮ್ಮೂರಿನ ಹೆಸರು ದೇವಸಮುದ್ರ. ಪರಸ್ಥಳದವರಿಗೆ ಈ ಹೆಸರು ಹೇಳಿದ ಕೂಡಲೆ, "ಕರಾವಳಿಯೇನು?" ಎಂದು ಕೇಳುತ್ತಾರೆ. ಚಿತ್ರದುರ್ಗ ಜಿಲ್ಲೆ, ಮೊಳಕಾಲ್ಮೂರು ತಾಲ್ಲೂಕು ಎಂದು ಸೇರಿಸಿದೊಡನೆ ಅವರ ಮುಖದಲ್ಲಿ ಒಂದು ನಗೆ ಮೂಡುತ್ತದೆ. ನಗುವವರ ತಪ್ಪೇನೂ ಇಲ್ಲ. ಕರ್ನಾಟಕದಲ್ಲಿ ಮಳೆ ಕಡಮೆಯಾದ ತಾಲ್ಲೂಕುಗಳನ್ನು ಹೆಸರಿಸಿರೆಂದರೆ ಚಳ್ಳಕೆರೆಯೂ ಮೊಳಕಾಲ್ಮೂರೂ ಮೊದಲ ಸಾಲಿನಲ್ಲೇ ಬಂದು ನಿಲ್ಲುತ್ತವೆ. ಆದರೆ ಹೆಸರಿಟ್ಟ ಹಿರಿಯರೂ ದಡ್ಡರಲ್ಲ. ಕೆರೆ ಕಟ್ಟಿಸಿ ಅದನ್ನು ಸಮುದ್ರವೆಂದು ಕರೆಯುವುದು ನಮ್ಮ ನಾಡಿನ ಹಳೆಯ ವಾಡಿಕೆ. ನೀರು ಕಡಮೆಯಾದಷ್ಟೂ ಹೆಸರಾದರೂ ದೊಡ್ಡದಿರಲಿ ಎಂದು ಅವರು ಎಣಿಸಿರಬೇಕು. ನಮ್ಮ ಜಿಲ್ಲೆಯ ಮಾರಿಕಣಿವೆಯ ಜಲಾಶಯಕ್ಕೂ ವಾಣಿವಿಲಾಸ ಸಾಗರವೆಂದೇ ಹೆಸರು. ಆ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದುದನ್ನು ಕಾಣಲು ಜನ 2022ರವರೆಗೆ ಕಾಯಬೇಕಾಯಿತು.

ಇಂಥ ಊರಿನಲ್ಲಿ ಕುಳಿತು, ಹಡಗಿನಲ್ಲಿ ಒಳಗಿನ ಕೊಠಡಿ ಮೇಲೋ ಹೊರಗಿನ ಕೊಠಡಿ ಮೇಲೋ ಎಂದು ನಮ್ಮ ಮನೆಯವರು ಹದಿನೈದು ದಿನ ವಾದ ಮಾಡಿದೆವೆಂದರೆ ವಾಚಕರು ದಯವಿಟ್ಟು ನಂಬಬೇಕು.

ವಾದಕ್ಕೆ ಮೂಲ ನಮ್ಮ ತಾತ, ಎಂದರೆ ತಾಯಿಯ ತಂದೆ. ಅವರು ಸುತ್ತಮುತ್ತಲ ಹಳ್ಳಿಗಳ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತಮೂರು ವರ್ಷ ಮೇಷ್ಟರಾಗಿದ್ದು ನಿವೃತ್ತರಾದವರು. ಎಲ್ಲ ಪಾಠಗಳನ್ನೂ ಮಾಡುತ್ತಿದ್ದರಾದರೂ ಭೂಗೋಳವೆಂದರೆ ಅವರಿಗೆ ಪ್ರಾಣ. ಸಮುದ್ರದ ಪಾಠ ಬಂದಾಗ ಅವರು ಅಂಗಡಿಯಿಂದ ತಕ್ಕಡಿ ತರಿಸುತ್ತಿದ್ದರಂತೆ. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದಷ್ಟೆ. ಮೂವತ್ತೈದು ಗ್ರಾಂ ಉಪ್ಪನ್ನು ತೂಗಿ, ಒಂದು ಲೀಟರು ನೀರಿಗೆ ಹಾಕಿ ಕದಡಿ, ಪ್ರತಿಯೊಂದು ಮಗುವಿನ ಅಂಗೈಗೂ ತೀರ್ಥದಂತೆ ಹಾಕಿ, "ಇದೇ ನೋಡ್ರಪ್ಪಾ ಸಮುದ್ರ" ಎನ್ನುತ್ತಿದ್ದರಂತೆ. ನಮ್ಮ ತಾಯಿಯೂ ಆ ತೀರ್ಥ ಕುಡಿದವರೇ. ಅವರೂ ಆ ತರಗತಿಯಲ್ಲಿ ಕುಳಿತಿದ್ದರು.

ಇಷ್ಟಾಗಿಯೂ ತಾತ ಸಮುದ್ರವನ್ನು ನೋಡಿರಲಿಲ್ಲ. ಇಂದು ನಾಳೆ ಎನ್ನುತ್ತ ಆಯುಸ್ಸು ಕಳೆಯಿತು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವುದೆಂದರೆ ಹತ್ತಿರದ ಬ್ರಹ್ಮಗಿರಿಗೆ. ಅಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಪತ್ತೆಮಾಡಿದ ಅಶೋಕನ ಶಾಸನದ ಮುಂದೆ ಮಕ್ಕಳನ್ನು ನಿಲ್ಲಿಸಿ, ಸಮುದ್ರವನ್ನು ಅಲ್ಲಿಗೂ ತರುತ್ತಿದ್ದರು. 1947ರಲ್ಲಿ ವೀಲರ್ ಸಾಹೇಬರು ಬ್ರಹ್ಮಗಿರಿಯನ್ನು ಅಗೆಸಿದಾಗ ಸಿಕ್ಕ ಕೆಲವು ಮಡಕೆ ಚೂರುಗಳ ಜಾತಿಯವೇ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ, ರೋಮಿನಿಂದ ಹಡಗಿನಲ್ಲಿ ಬಂದ ಸಾಮಾನುಗಳ ಜೊತೆ ಸಿಕ್ಕಿದ್ದುವು. ಅದರಿಂದಲೇ ನಮ್ಮ ಬೆಟ್ಟದ ಮಡಕೆಗಳ ಕಾಲ ಗೊತ್ತಾದದ್ದು. "ಹಡಗು ಬಾರದ ಊರಿಗೂ ಹಡಗಿನ ಲೆಕ್ಕ ಬೇಕಾಯ್ತು" ಎಂಬುದು ತಾತನ ನೆಚ್ಚಿನ ಮಾತು.

ಎರಡು ವರ್ಷದ ಹಿಂದೆ ತಾತನ ಭುಜ ಮೇಲಿಂದ ಮೇಲೆ ಬಾಗಿಲ ಚೌಕಟ್ಟಿಗೆ ತಾಗತೊಡಗಿತು. ಪಕ್ಕದಲ್ಲಿ ಬಂದು ನಿಂತವರನ್ನು ಮಾತನಾಡಿಸದೆ ಹೋಗುವುದೂ ಆಯಿತು. ವಯಸ್ಸಾಯಿತೆಂದುಕೊಂಡೆವು. ಬಳ್ಳಾರಿಯ ಕಣ್ಣಿನ ವೈದ್ಯರು ನೋಡಿ ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ಒತ್ತಡದಿಂದ ನರ ಸವೆದು, ಮೊದಲು ಪಕ್ಕದ ನೋಟ ಹೋಗಿ, ನಡುವಿನ ನೋಟ ಕೊನೆಯವರೆಗೆ ಉಳಿಯುವ ರೋಗ ಅದು. ಹೋದದ್ದು ಮರಳಿ ಬರುವುದಿಲ್ಲ; ಉಳಿದದ್ದನ್ನು ಹನಿ ಔಷಧ ಹಾಕಿ ಆದಷ್ಟು ಕಾಲ ಕಾಪಾಡಿಕೊಳ್ಳಬಹುದು. ತಾತ ವೈದ್ಯರಿಗೆ ವಂದಿಸಿ ಎದ್ದು ಬಂದರು. ರಾಂಪುರದಲ್ಲಿ ಬಸ್ಸಿಳಿದು ನಿಂತಾಗ ಹೇಳಿದ ಮಾತು ಒಂದೇ: "ಸಮುದ್ರ ನೋಡ್ಬೇಕು ಕಣಪ್ಪಾ."

ಸಮುದ್ರ ನೋಡುವುದಕ್ಕೆ ಕಾರವಾರವಿದೆ, ಮಂಗಳೂರಿದೆ; ಬಸ್ಸಿನಲ್ಲಿ ಹೋಗಿ ಬರಬಹುದು. ತಾತ ಒಪ್ಪಲಿಲ್ಲ. "ದಡದಾಗೆ ನಿಂತ್ರೆ ಅರ್ಧ ಸಮುದ್ರ. ನಡು ಸಮುದ್ರದಾಗೆ ನಿಂತ್ರೆ ಸುತ್ತ ದುಂಡಗೆ ಕಾಣ್ತತೆ ಅಂತ ಮೂವತ್ತಮೂರು ವರ್ಸ ಹೇಳೀನಿ. ಕಾಣ್ತತೋ ಇಲ್ಲೋ ನಾನೇ ನೋಡ್ಬೇಕು." ಹೀಗೆ ಹಡಗಿನ ಮಾತು ಬಂದಿತು. ಮುಂಬಯಿಯಿಂದ ಗೋವೆಗೂ ಲಕ್ಷದ್ವೀಪಕ್ಕೂ ಕಾರ್ಡೀಲಿಯಾ ಎಂಬ ಕಂಪನಿ 2021ರ ಸೆಪ್ಟೆಂಬರಿನಿಂದ ವಿಹಾರದ ಹಡಗು ನಡೆಸತೊಡಗಿದ್ದಿತು. ಹಡಗಿನ ಹೆಸರು ಎಂಪ್ರೆಸ್. 1990ರಲ್ಲಿ ಫ್ರಾನ್ಸಿನ ಸೇಂಟ್ ನಜೇರಿನಲ್ಲಿ ಕಟ್ಟಿದ್ದು. ಎಷ್ಟೋ ದೇಶದವರನ್ನು ಹೊತ್ತು, ಎರಡು ಮೂರು ಹೆಸರು ಬದಲಾಯಿಸಿ ನಮ್ಮ ಕಡೆಗೆ ಬಂದದ್ದು. ಟಿಕೆಟ್ಟಿನ ಭಾರ ನನ್ನ ಮೇಲೆ ಬಿತ್ತು. ಮನೆಯಲ್ಲಿ ಕಾಲೇಜು ಓದುತ್ತಿರುವವನು ನಾನೊಬ್ಬನೇ ಆದುದರಿಂದ ಲೋಕದಲ್ಲಿರುವುದೆಲ್ಲ ನನಗೆ ಗೊತ್ತೆಂದು ನಮ್ಮವರ ನಂಬಿಕೆ.

ಕೊಠಡಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಹಡಗಿನ ಹೊರಗೋಡೆಗೆ ಅಂಟಿಕೊಂಡಿರುವುದು ಹೊರಗಿನ ಕೊಠಡಿ. ಅದಕ್ಕೆ ಗಾಜಿನ ಕಿಟಕಿಯಿರುತ್ತದೆ. ನಡುವೆ ಇರುವುದು ಒಳಗಿನ ಕೊಠಡಿ. ಅದಕ್ಕೆ ನಾಲ್ಕೂ ಕಡೆ ಗೋಡೆ. ಊಟ, ಉಪಚಾರ, ಡೆಕ್ಕಿನ ಮೇಲೆ ತಿರುಗಾಡುವ ಸ್ವಾತಂತ್ರ್ಯ ಇಬ್ಬರಿಗೂ ಸಮ. ವ್ಯತ್ಯಾಸ ಕಿಟಕಿಯೊಂದೇ. ಆ ಕಿಟಕಿಯ ಬೆಲೆ, ನಮ್ಮಿಬ್ಬರಿಗೂ ಸೇರಿ, ನಮ್ಮ ಕಡೆ ಒಂದೆಕರೆ ಹೊಲಕ್ಕೆ ಶೇಂಗಾ ಬೀಜ ಹಾಕುವ ಖರ್ಚಿನಷ್ಟಾಗುತ್ತಿತ್ತು.

ನಾನು ಮೊದಲಿನಿಂದಲೂ ಹೊರಗಿನ ಪಕ್ಷ. ಸಮುದ್ರ ನೋಡಲೆಂದೇ ಹೊರಟವರು ಗೋಡೆ ನೋಡುತ್ತ ಮಲಗುವುದು ಯಾವ ನ್ಯಾಯ? ನನ್ನ ತಾಯಿ ನನ್ನ ಕಡೆ. "ಕಿಟಕಿ ಇಲ್ಲದ ಕೋಣೇಲಿ ಉಸಿರು ಕಟ್ಟಲ್ವೇನಪ್ಪಾ?" ಎಂದರು. ತಾತ ನಕ್ಕು, "ನೀನು ಹುಟ್ಟಿದ್ದೇ ಕಿಟಕಿ ಇಲ್ಲದ ಕೋಣೇಲಿ ಕಣಮ್ಮಾ" ಎಂದರು. ಮಾತು ನಿಜವೇ. ನಮ್ಮದು ಹಳೆಯ ಮಾಳಿಗೆ ಮನೆ. ಒಳಕೋಣೆಗೆ ಕಿಟಕಿಯಿಲ್ಲ, ಮಾಳಿಗೆಯಲ್ಲಿ ಅಂಗೈ ಅಗಲದ ಒಂದು ಗವಾಕ್ಷಿ, ಮಳೆ ಬಂದರೆ ಅದಕ್ಕೂ ಮುಚ್ಚಳ. ಕಾಳು ಕಡ್ಡಿ ಇಡುವುದು ಅಲ್ಲಿ, ಬಾಣಂತನ ಅಲ್ಲಿ, ಬೇಸಗೆಯ ಮಧ್ಯಾಹ್ನ ತಂಪಾಗಿ ನಿದ್ರೆ ಬರುವುದೂ ಅಲ್ಲಿಯೇ. ರಾತ್ರಿಯಾದರೆ ಚಾಪೆ ಹಿಡಿದು ಎಲ್ಲರೂ ಮಾಳಿಗೆಯ ಮೇಲೆ. "ಹಡಗೂ ಹಂಗೇ. ಮಲಗಾಕೆ ಒಳಕೋಣೆ, ನೋಡಾಕೆ ಮಾಳಿಗೆ" ಎಂದು ತಾತ ತೀರ್ಪು ಕೊಟ್ಟರು.

ನಾನು ಸೋಲೊಪ್ಪುವವನಲ್ಲ, ಗ್ರಂಥಾಲಯದಲ್ಲಿಯೂ ಮೊಬೈಲಿನಲ್ಲಿಯೂ ಹುಡುಕಿ ಸಾಕಷ್ಟು ವಿದ್ಯೆ ಸಂಪಾದಿಸಿದೆ. ಇಂಗ್ಲಿಷಿನಲ್ಲಿ ಸಿರಿವಂತರ ಠೀವಿಗೆ 'ಪಾಷ್' ಎನ್ನುತ್ತಾರಷ್ಟೆ. ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಬರುತ್ತಿದ್ದ ದೊರೆಗಳು ಹೋಗುವಾಗ ಹಡಗಿನ ಎಡಗಡೆಯ, ಬರುವಾಗ ಬಲಗಡೆಯ ಕೊಠಡಿ ಹಿಡಿಯುತ್ತಿದ್ದರಂತೆ, ಬಿಸಿಲು ತಪ್ಪಿಸಿಕೊಳ್ಳಲು. ಆ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿ ಈ ಮಾತು ಹುಟ್ಟಿತೆಂದು ಪ್ರತೀತಿ. ನಿಘಂಟಿನ ಪಂಡಿತರು ಇದಕ್ಕೆ ಆಧಾರವಿಲ್ಲವೆನ್ನುತ್ತಾರೆ. ಕಥೆ ಸುಳ್ಳಾದರೂ ದಿಕ್ಕಿನ ಲೆಕ್ಕ ಸುಳ್ಳಲ್ಲ. ಮುಂಬಯಿಯಿಂದ ದಕ್ಷಿಣಕ್ಕೆ ಹೋಗುವ ಹಡಗಿಗೆ ಪೂರ್ವ ಎಡಕ್ಕೆ. ಆದ್ದರಿಂದ ಹೋಗುವಾಗ ಎಡಗಡೆಯ ಕಿಟಕಿ ಹಿಡಿದರೆ ಹಾಸಿಗೆಯಲ್ಲಿ ಮಲಗಿಯೇ ಸೂರ್ಯೋದಯ! ನಾನು ಭೂಪಟ ಹರಡಿ ಇದನ್ನು ತೋರಿಸಿದಾಗ, ತಾತ ವಿದ್ಯಾರ್ಥಿಯೊಬ್ಬ ಸರಿಯುತ್ತರ ಕೊಟ್ಟಾಗ ಮಾಡುವಂತೆ ತಲೆದೂಗಿ, ಆದರೂ ಒಪ್ಪಲಿಲ್ಲ.

ಅವರ ಬಳಿಯೂ ಲೆಕ್ಕವಿದ್ದಿತು. ನೋಡುವ ಕಣ್ಣು ಎತ್ತರಕ್ಕೇರಿದಷ್ಟೂ ದಿಗಂತ ದೂರ ಸರಿಯುತ್ತದೆ. ದಡದ ಮರಳಿನಲ್ಲಿ ನಿಂತವನಿಗೆ ಕಾಣುವುದು ನಾಲ್ಕೂವರೆ ಕಿಲೋಮೀಟರಿನಷ್ಟು ನೀರು. ಕೆಳ ಅಂತಸ್ತಿನ ಕಿಟಕಿ ನೀರಿನಿಂದ 9 ಮೀಟರು ಮೇಲಿದ್ದರೆ ಸುಮಾರು 11 ಕಿಲೋಮೀಟರು. 30 ಮೀಟರು ಎತ್ತರದ ಮೇಲಿನ ಡೆಕ್ಕಿನಿಂದ ಸುಮಾರು 20 ಕಿಲೋಮೀಟರು. "ದುಡ್ಡು ಕೊಟ್ಟು ಹನ್ನೊಂದು, ಪುಕ್ಕಟೆ ಇಪ್ಪತ್ತು. ಯಾವ್ದು ಲಾಭ ಹೇಳು?" ಮೇಲಾಗಿ ಆ ಕಿಟಕಿ ತೆರೆಯುವುದಿಲ್ಲ, ಕೆಲವು ಹಡಗುಗಳಲ್ಲಿ ಅದರ ಮುಂದೆಯೇ ಪ್ರಾಣರಕ್ಷಣೆಯ ದೋಣಿ ತೂಗುಹಾಕಿರುತ್ತಾರಂತೆ, ದುಡ್ಡು ತೆತ್ತವನು ದೋಣಿಯ ಹೊಟ್ಟೆಯನ್ನು ನೋಡುತ್ತ ಕೂರಬೇಕು.

ಓಲಾಟದ ಮಾತೂ ಬಂದಿತು. ಹಡಗು ಏತದಂತೆ, ತುದಿಗಳು ಏರಿಳಿದರೂ ನಡುಗಂಬದ ಬಳಿ ಅಲುಗಾಟ ಕಡಮೆ. ಆದುದರಿಂದ ತಲೆಸುತ್ತು ಬರುವವರಿಗೆ ನಡುಭಾಗದ, ಕೆಳ ಅಂತಸ್ತಿನ ಕೊಠಡಿಯೇ ಲೇಸು. ಅದು ಒಳಗಿನದಾದರೂ ಹೊರಗಿನದಾದರೂ ಸರಿಯೇ. ಆದರೆ ತಲೆಸುತ್ತು ಬರುವುದೇ ಕಿವಿಯೊಳಗಿನ ಸಮತೋಲದ ಅಂಗ ಅಲುಗಾಟವಿದೆ ಎಂದಾಗ ಕಣ್ಣು ಇಲ್ಲ ಎನ್ನುವುದರಿಂದ; ಆಗ ದೂರದ ದಿಗಂತ ನೋಡಿದರೆ ಜಗಳ ತೀರುತ್ತದೆ. ಒಳಗಿನ ಕೊಠಡಿಯವನು ದಿಗಂತವನ್ನು ಎಲ್ಲಿಂದ ತಂದಾನು? ಹಡಗಿನ ಒಡೆಯರಿಗೂ ಈ ಕೊರತೆ ತಿಳಿಯದೆ ಇಲ್ಲ. 1999ರಲ್ಲಿ ಯಾನ ಆರಂಭಿಸಿದ ವಾಯೇಜರ್ ಆಫ್ ದ ಸೀಸ್ ಎಂಬ ಹಡಗಿನಲ್ಲಿ ಒಳಗಿನ ಕೆಲವು ಕೊಠಡಿಗಳಿಗೆ, ಹಡಗಿನೊಳಗಿನ ಅಂಗಡಿಬೀದಿಯ ಕಡೆಗೇ ಕಿಟಕಿ ಇಟ್ಟರು. 2011ರಲ್ಲಿ ಹೊರಟ ಡಿಸ್ನಿ ಡ್ರೀಮ್ ಹಡಗಿನವರು ಹೊರಗಡೆ ಕ್ಯಾಮರಾ ಇಟ್ಟು, ಒಳಕೊಠಡಿಯ ಗೋಡೆಯ ದುಂಡು ಪರದೆಯಲ್ಲಿ ಸಮುದ್ರವನ್ನು ತೋರಿಸಿದರು. ಇದನ್ನು ಕೇಳಿ ತಾತ, "ಅದನ್ನ ನಮ್ಮನೆ ಟಿ.ವಿ.ಯಾಗೇ ನೋಡಬೌದಲ್ಲ" ಎಂದರು.

ಕೊನೆಗೆ ಗಾಂಧೀಜಿಯವರನ್ನೂ ನಾನು ಬಿಡಲಿಲ್ಲ. 1888ರಲ್ಲಿ ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟ ತರುಣ ಗಾಂಧಿ, ಇಂಗ್ಲಿಷಿನಲ್ಲಿ ಮಾತನಾಡುವ ಸಂಕೋಚದಿಂದ ಕೊಠಡಿಯಲ್ಲೇ ಕುಳಿತು, ಮನೆಯಿಂದ ತಂದ ತಿಂಡಿ ಹಣ್ಣುಗಳಲ್ಲಿ ಕಾಲ ಕಳೆದರು. ಅದೇ ಗಾಂಧೀಜಿ 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ರಜಪುತಾನಾ ಹಡಗಿನಲ್ಲಿ ಹೊರಟಾಗ, ಕೆಳದರ್ಜೆಯ ಟಿಕೆಟ್ಟು ಪಡೆದು ಹೆಚ್ಚು ಹೊತ್ತು ಡೆಕ್ಕಿನ ಮೇಲೆಯೇ ಇದ್ದರು. ಇದು ನನ್ನ ಪಕ್ಷಕ್ಕೆ ಸಹಾಯವಾದೀತೆಂದು ಹೇಳಿದವನು, ಹೇಳುತ್ತ ಹೇಳುತ್ತಲೇ ಅದು ತಾತನ ಪಕ್ಷಕ್ಕೆ ಹೋದುದನ್ನು ಕಂಡೆ.

ಆಗ ನಾನು ಆಡಬಾರದ ಮಾತೊಂದನ್ನು ಆಡಿದೆ. "ತಾತ, ಕಣ್ಣಿರೋವಾಗ ನೋಡೋಕೆ ಹೋಗ್ತಿರೋದು. ಅದರಲ್ಲೂ ಜಿಪುಣತನ ಯಾಕೆ?" ಎಂದುಬಿಟ್ಟೆ. ತಾಯಿ ನನ್ನತ್ತ ಕೆಂಗಣ್ಣು ಬಿಟ್ಟರು. ತಾತ ಕೋಪಿಸಿಕೊಳ್ಳಲಿಲ್ಲ. ಎರಡೂ ಕೈಗಳನ್ನು ಕಣ್ಣುಗಳ ಪಕ್ಕಕ್ಕೆ ಹಿಡಿದು, "ನಂಗೀಗ ಎಲ್ಲಾನೂ ಕಿಟಕಿಯಾಗಿಂದಲೇ ಕಾಣೋದು. ಇನ್ನೊಂದು ಕಿಟಕಿಗೆ ಯಾಕೆ ದುಡ್ಡು ಕೊಡ್ಲಿ?" ಎಂದರು. ಅಂದೇ ರಾತ್ರಿ ಒಳಗಿನ ಕೊಠಡಿಗೆ ದುಡ್ಡು ಕಟ್ಟಿದೆ.

2024ರ ಡಿಸೆಂಬರಿನಲ್ಲಿ ಹೊರಟೆವು. ಬಳ್ಳಾರಿಗೆ ಬಸ್ಸು, ಅಲ್ಲಿಂದ ಗುಂತಕಲ್ಲು, ಗುಂತಕಲ್ಲಿನಿಂದ ಮುಂಬಯಿಗೆ ರೈಲು. ಹಡಗನ್ನು ವರ್ಣಿಸುವುದು ನನ್ನ ಉದ್ದೇಶವಲ್ಲ. ನಮ್ಮೂರಿನ ಮನೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಬಿಳಿ ಬಣ್ಣ ಬಳಿದರೆ ಹೇಗೋ ಹಾಗಿದ್ದಿತು. ನಮ್ಮ ಕೊಠಡಿ ಕೆಳಗಿನ ಅಂತಸ್ತಿನಲ್ಲಿ, ನಡುವೆ. ಎರಡು ಮಂಚ, ಒಂದು ಬೀರು, ಕಿಟಕಿ ಇರಬೇಕಾದ ಕಡೆ ದೊಡ್ಡ ಕನ್ನಡಿ. ನನಗೆ ಮುಖ ಸಪ್ಪಗಾಯಿತು. ತಾತ ಗೋಡೆ, ಮಂಚದ ಅಂಚು, ಬಚ್ಚಲ ಬಾಗಿಲು ಎಲ್ಲವನ್ನೂ ಕೈಯಿಂದ ಸವರಿ ನೋಡಿ, "ಭೇಷಾಗೈತೆ" ಎಂದರು.

ರಾತ್ರಿ ದೀಪ ಆರಿಸಿದಾಗ ನನಗೆ ಕತ್ತಲೆಂದರೇನೆಂದು ತಿಳಿಯಿತು. ನಮ್ಮೂರ ಅಮಾವಾಸ್ಯೆಯಲ್ಲಿಯೂ ನಕ್ಷತ್ರವಿರುತ್ತದೆ, ಗವಾಕ್ಷಿಯಲ್ಲಿ ಒಂದು ನಸುಬೆಳಕಿರುತ್ತದೆ. ಇಲ್ಲಿ ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಎಲ್ಲಿಯೋ ಯಂತ್ರದ ಗುಯ್ಯೆಂಬ ಸದ್ದು, ಬೆನ್ನ ಕೆಳಗೆ ತೊಟ್ಟಿಲಿನಂಥ ತೂಗಾಟ. ಗಾಢವಾಗಿ ನಿದ್ರೆ ಬಂದಿತು. ಎಚ್ಚರವಾದಾಗ ಹೊತ್ತೆಷ್ಟೆಂದು ತಿಳಿಯುವ ಬಗೆಯೇ ಇಲ್ಲ. ಮೊಬೈಲು ನೋಡಿದೆ: ಇನ್ನೂ ಬೆಳಗಾಗಿರಲಿಲ್ಲ. ಅದರ ಬೆಳಕಿನಲ್ಲಿ ಎದುರಿನ ಮಂಚ ಕಂಡಿತು. ಅದರಲ್ಲಿ ತಾತ ಇರಲಿಲ್ಲ.

ಬಚ್ಚಲಲ್ಲಿಯೂ ಇರಲಿಲ್ಲ. ನಾನು ಚಪ್ಪಲಿ ಮೆಟ್ಟದೆ ಓಡಿದೆ. ಒಂದೇ ತರಹದ ಬಾಗಿಲುಗಳ ಆ ಉದ್ದ ಓಣಿಯಲ್ಲಿ, ಪಕ್ಕದ ನೋಟವಿಲ್ಲದ ಎಪ್ಪತ್ತಾರರ ಮುದುಕ ಎಲ್ಲಿ ಹೋದರು, ಯಾವ ಮೆಟ್ಟಲಲ್ಲಿ ಎಡವಿದರು ಎಂದು ಎದೆ ಬಡಿದುಕೊಳ್ಳುತ್ತಿತ್ತು. ಮನೆಯಲ್ಲಿ ತಾಯಿಗೆ ಏನು ಹೇಳಲಿ ಎಂಬ ಯೋಚನೆಯೂ ಬಂದುದನ್ನು ಮುಚ್ಚಿಡಲಾರೆ. ಎರಡು ಅಂತಸ್ತು ತಪ್ಪಾಗಿ ಸುತ್ತಿ ಮೇಲಿನ ಡೆಕ್ಕಿಗೆ ಬಂದೆ. ಅಲ್ಲಿ, ಕಂಬಿಯಿಂದ ದೂರದಲ್ಲಿ, ಒಂದು ಕುರ್ಚಿಯ ಮೇಲೆ ಶಾಲು ಹೊದ್ದು ತಾತ ಕುಳಿತಿದ್ದರು.

ನಾನು ರೇಗಿದೆ. ಅವರು ರೇಗಿ ಮುಗಿಯುವವರೆಗೂ ಸುಮ್ಮನಿದ್ದು, ಮೆಲ್ಲಗೆ ಹೇಳಿದರು: "ಮಂಚದಿಂದ ಬಾಗಿಲಿಗೆ ಏಳು ಹೆಜ್ಜೆ. ಬಾಗಿಲಿಂದ ಬಲಕ್ಕೆ ಇಪ್ಪತ್ತೆರಡು, ಲಿಫ್ಟು. ರಾತ್ರಿ ಮೂರು ಸಲ ಎದ್ದೆ. ದೀಪ ಹಾಕ್ಲಿಲ್ಲ. ಒಂದ್ಸಲ ಮಾತ್ರ ಮಂಚಕ್ಕೆ ಮೊಣಕಾಲು ತಾಗ್ತು. ನಾಲ್ಕನೇ ಸಲ ಹಿಂಗೇ ಬಂದುಬಿಟ್ಟೆ."

ನನಗೆ ಮಾತು ಹೊರಡಲಿಲ್ಲ.

"ನಮ್ಮೂರಾಗೆ ಅಂಥ ಕತ್ತಲು ಸಿಗಲ್ಲ ಕಣಪ್ಪಾ. ಹೆಂಗಿರ್ತತೆ ಅಂತ ಒಂದ್ಸಲ ನೋಡ್ಬೇಕಿತ್ತು. ಅಂಥಾ ಭಯ ಏನಿಲ್ಲ."

ಹದಿನೈದು ದಿನ ದಿಗಂತದ ಲೆಕ್ಕ, ಶೇಂಗಾ ಲೆಕ್ಕ ಹೇಳಿ ಅವರು ನನ್ನ ಬಾಯಿ ಮುಚ್ಚಿಸಿದ್ದೇಕೆಂದು ಆಗ ತಿಳಿಯಿತು. ಅವರನ್ನು ಜಿಪುಣರೆಂದವನು ನಾನು. ಕ್ಷಮೆ ಕೇಳೋಣವೆಂದರೆ ಅವರು ಆಗಲೇ ಎದ್ದು ನಿಂತಿದ್ದರು, ಆಕಾಶ ಬಿಳುಪೇರುತ್ತಿತ್ತು.

ದಡ ಎಲ್ಲಿಯೂ ಕಾಣುತ್ತಿರಲಿಲ್ಲ. ತಾತನಿಗೆ ಒಂದೇ ನೋಟದಲ್ಲಿ ಕಾಣುವುದು ಒಂದು ತುಂಡು ಮಾತ್ರ. ಆದುದರಿಂದ ಅವರು ನಿಂತಲ್ಲೇ, ಕಾಲನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ, ಒಂದೊಂದು ತುಂಡನ್ನೂ ನೋಡಿ ಮುಗಿಸಿ ಮುಂದಿನದಕ್ಕೆ ಹೋಗುತ್ತ, ಪೂರ್ತಿ ಒಂದು ಸುತ್ತು ತಿರುಗಿದರು. ಹೊಗೆಕೊಳವೆ ಅಡ್ಡ ಬಂದ ಕಡೆ ನಾನು ಕೈ ಹಿಡಿದು ಆಚೆಗೆ ಕರೆದೊಯ್ದೆ; ಆ ಭಾಗವನ್ನೂ ಬಿಡಲಿಲ್ಲ. ಕಾಲು ಗಂಟೆ ಹಿಡಿಯಿತು. ಓಡಲು ಬಂದ ಕೆಲವರು ನಮ್ಮನ್ನು ನೋಡಿ ಇದೇನೋ ಪೂಜೆಯೆಂದುಕೊಂಡು ಸುತ್ತು ಬಳಸಿ ಹೋದರು. "ದುಂಡಗೈತೆ" ಎಂದರು ತಾತ.

ಸೂರ್ಯ ಹುಟ್ಟಿದ್ದು ಎಡಗಡೆಯೂ ಅಲ್ಲ, ಬಲಗಡೆಯೂ ಅಲ್ಲ. ರಾತ್ರಿ ಯಾವಾಗಲೋ ಹಡಗು ಪಶ್ಚಿಮಕ್ಕೆ ತಿರುಗಿದ್ದಿರಬೇಕು. ನೇರ ನಮ್ಮ ಬೆನ್ನ ಹಿಂದೆ ಬಂದ. ನನ್ನ ಎಡಬಲಗಳ ಪಾಂಡಿತ್ಯವನ್ನು ನಂಬಿ ಕಿಟಕಿಗೆ ದುಡ್ಡು ಕಟ್ಟಿದ್ದರೆ ಹಾಸಿಗೆಯಲ್ಲಿ ಮಲಗಿ ಸೂರ್ಯನಿಲ್ಲದ ನೀರು ನೋಡುತ್ತಿದ್ದೆವು.

ಆದರೂ ನ್ಯಾಯವಾಗಿ ಹೇಳಬೇಕು: ಅಂದು ಮಧ್ಯಾಹ್ನ ಊಟದ ಹೊತ್ತಿಗೆ ಪರಿಚಯವಾದ ಹುಬ್ಬಳ್ಳಿಯ ದಂಪತಿಗಳು ತಮ್ಮ ಹೊರಗಿನ ಕೊಠಡಿಯನ್ನು ತೋರಿಸಿದರು. ಆ ತಾಯಿಗೆ ಕಾಲುನೋವು, ಮೇಲೆ ಹೋಗಲಾರರು. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಬೆಳಗಿನಿಂದ ನೀರು ನೋಡುತ್ತಲೇ ಇದ್ದರು. ತಾತ ಆ ಕಿಟಕಿಯ ಮುಂದೆ ಸ್ವಲ್ಪ ಹೊತ್ತು ನಿಂತು, "ಅಮ್ಮಾ, ನಿಮ್ಮ ದುಡ್ಡು ದಕ್ಕಿತು" ಎಂದರು.

ಗೋವೆಯಲ್ಲಿ ಇಳಿದಾಗ ಕಡಲ ದಡಕ್ಕೆ ಹೋದೆವು. ಹಡಗಿನಲ್ಲಿ ಅಷ್ಟು ನೀರಿನ ನಡುವೆ ಇದ್ದರೂ ಒಂದು ಹನಿ ಮುಟ್ಟಲು ಸಿಕ್ಕಿರಲಿಲ್ಲ. ತಾತ ಪಂಚೆ ಎತ್ತಿ ಕಟ್ಟಿ ಮೊಣಕಾಲಿನವರೆಗೆ ನಿಂತು, ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. ನಾನು ಕೇಳಿದರೂ ಏನೂ ಹೇಳಲಿಲ್ಲ.

ಊರು ಸೇರಿದ ರಾತ್ರಿ ತಾಯಿ ಅವರ ಕಣ್ಣಿಗೆ ಔಷಧದ ಹನಿ ಹಾಕುತ್ತ, ಕತ್ತಲ ಕೋಣೆಯಲ್ಲಿ ಕಷ್ಟವಾಯಿತೇ ಎಂದು ಕೇಳಿದರು. "ಇಲ್ಲಮ್ಮಾ, ಭೇಷಾಗಿತ್ತು" ಎಂದರು ತಾತ. ಆಮೇಲೆ, ಅಂಗೈ ಮೇಲೆ ಏನನ್ನೋ ತೂಗುವವರಂತೆ ಕೈ ಹಿಡಿದು ಹೇಳಿದರು: "ಅರಬ್ಬೀ ಸಮುದ್ರ ಸ್ವಲ್ಪ ಜಾಸ್ತಿ ಉಪ್ಪು. ನಿಮ್ಮ ಕ್ಲಾಸಿನೋರಿಗೆಲ್ಲ ನಾನು ಒಂದು ಗ್ರಾಂ ಕಡಿಮೆ ಹಾಕಿದ್ದೆ."